ಜೋಡುವಾದನದ ಮರ್ಮ

ನಮ್ಮ ಶಾಲೆಯ ಹುಡುಗಿಯರ ಕಿವಿಗೆ ಬಾಲ್ಯದಿಂದಲೇ ಎರಡು ಬಗೆಯ ಸಂಗೀತವು ಬೀಳುತ್ತಿರುವದು. ಬೆಳಗಿನ ಪ್ರಾರ್ಥನೆಯಲ್ಲಿ ಅವರು ಹಾರ್ಮೋನಿಯಮ್ಮಿನೊಡನೆ ಹಲವು ಧ್ವನಿಗಳನ್ನು ಹೊಂದಿಸಿ ಕ್ರೈಸ್ತ ಗೀತಗಳನ್ನು ಹಾಡುತ್ತಾರೆ. ಸಂಜೆಗೆ ಲಕಮನಹಳ್ಳಿಯ ತಮ್ಮ ಮನೆಗೆ ಮರಳಿದರೆ ನೆರೆಯಲ್ಲಿ ತಂಬೂರಿಯ ಶ್ರುತಿಯ ಮೇಲೆ ಯಮನ ರಾಗದ ಆಲಾಪವು ಕೇಳಬರುವದು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದಂದಿನಿಂದ ಈ ಎರಡು ನಾದಗಳು ಇಲ್ಲಿ ಅಕ್ಕಪಕ್ಕದಲ್ಲಿಯೇ ಬಾಳುತ್ತ ಬಂದಿವೆ. ಆದಕಾರಣ ಪಾಲಕರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: "ಅಕ್ಕಾವರೇ, ಮಗಳು ಎರಡನ್ನೂ ಕಲಿಯಹೋದರೆ ಎರಡೂ ಕೆಡಲಿಕ್ಕಿಲ್ಲವೇ?" ಪರದೇಶಗಳಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳ ವಿಷಯದಲ್ಲಿ ಇದೇ ಚಿಂತೆಯನ್ನು ಬೇರೆ ಮಾತಿನಲ್ಲಿ ತೋಡಿಕೊಳ್ಳುವದುಂಟು. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಉತ್ತರವನ್ನು ಒಂದು ಧ್ವನಿಮುದ್ರಿಕೆಯ ಮೂಲಕ ಹೇಳಬೇಕೆಂದು ಈ ಲೇಖವನ್ನು ಕೈಕೊಂಡಿದ್ದೇವೆ.

ಇಬ್ಬರು ಸಮಾನರಾಗಿ ಕುಳಿತು ಕೂಡಿ ನುಡಿಸುವದಕ್ಕೆ ನಮ್ಮಲ್ಲಿ ಜುಗಲಬಂದಿಯೆಂದು ಹೆಸರು. ಪಾಶ್ಚಾತ್ಯರ ಜಾಜ್ ಸಂಗೀತದಲ್ಲಿಯೂ ಈ ಪದ್ಧತಿಯುಂಟು. ಜಾಜ್ ಎಂಬದು ಆಫ್ರಿಕದಿಂದ ದಾಸರಾಗಿ ಒಯ್ಯಲ್ಪಟ್ಟವರ ಸಂತತಿಯವರು ಅಮೇರಿಕೆಯಲ್ಲಿ, ವಿಶೇಷವಾಗಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, 20ನೆಯ ಶತಮಾನದ ಆದಿಭಾಗದಲ್ಲಿ ಬೆಳೆಯಿಸಿದ ಸಂಗೀತ. ಅವರ ದೇವಾಲಯದ ಗೀತಗಳೂ ದುಡಿಮೆಯ ಹಾಡುಗಳೂ ಊರ ಬ್ಯಾಂಡುಗಳೂ ಅದರ ಬೇರುಗಳು. ಮೊದಲು ಒಂದು ಮೂಲಗೀತವನ್ನು ನುಡಿಸಿ, ತರುವಾಯ ಒಬ್ಬೊಬ್ಬ ವಾದಕನೂ ಅದನ್ನು ಆಯಾ ಕ್ಷಣದ ಮನೋಧರ್ಮದಂತೆ ವಿಸ್ತರಿಸುವದು ಅದರ ಕ್ರಮ. 1974ರಲ್ಲಿ ಕೌಂಟ್ ಬೇಸಿ, ಆಸ್ಕರ್ ಪೀಟರ್ಸನ್ ಎಂಬ ಇಬ್ಬರು ಪಿಯಾನೋ ವಾದಕರು "ಸ್ಯಾಚ್ ಅಂಡ್ ಜಾಶ್" ಎಂಬ ಮುದ್ರಿಕೆಯನ್ನು ಕೂಡಿ ಮಾಡಿದರು. ಬೇಸಿಯು ಮಿತಸ್ವರದವನು, ನಾಲ್ಕು ಸ್ವರಗಳಿಂದ ಆಗತಕ್ಕ ಕೆಲಸಕ್ಕೆ ಐದನೆಯದನ್ನು ಮುಟ್ಟನು. ಪೀಟರ್ಸನ್ನನೋ ಸ್ವರಗಳ ಮಳೆಗರೆಯುವವನು. ಅಲ್ಲಿ ಶೈಲಿ ಎರಡಾದರೂ ಸಂಗೀತಭಾಷೆ ಒಂದೇ. ಭಾಷೆಯೇ ಎರಡಾದಲ್ಲಿ ಏನಾದೀತು? ಅದನ್ನು ತೋರಿಸುವ ಉದಾಹರಣೆಯು ನಮ್ಮ ಕನ್ನಡಿಗರಲ್ಲಿಯೇ ಇದೆ. ಅಲ್ಲಿಯ ವಾದ್ಯವು ಮಾತ್ರ ಪಿಯಾನೋ ಅಲ್ಲ, ಸ್ಯಾಕ್ಸೊಫೋನ್.

ಬೆಲ್ಜಿಯಮ್ ದೇಶದ ಅಡಾಲ್ಫ್ ಸಾಕ್ಸ್ ಎಂಬವನು ನಿರ್ಮಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯವಿದು. ಇದರ ಮೈ ಹಿತ್ತಾಳೆಯದಾದರೂ ನಾದವು ಹುಟ್ಟುವದು ಬಾಯಲ್ಲಿಡುವ ಬೆತ್ತದ ಸೀಳಿನಿಂದ. ಈ ಒಂದು ಗುಣದಲ್ಲಿ ಇದು ನಮ್ಮ ಶಹನಾಯಿ ನಾಗಸ್ವರಗಳಿಗೆ ನೆಂಟನು. ಪಿಯಾನೋದ ಪಟ್ಟಿಯನ್ನು ಒತ್ತಿದ ಮೇಲೆ ಆ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸಲಾಗದು. ಸ್ಯಾಕ್ಸೊಫೋನಿನಲ್ಲಿಯಾದರೋ ತುಟಿ ಉಸಿರುಗಳ ಹಿಡಿತದಿಂದ ಅದು ಸಾಧ್ಯ, ಆದರೆ ಬಹು ಕಷ್ಟಸಾಧ್ಯ.

ಆ ಕಷ್ಟವನ್ನು ಕೈಕೊಂಡವರು ಕದ್ರಿ ಗೋಪಾಲನಾಥರು. ಇವರು 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳದ ಹತ್ತಿರದ ಸಜೀಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿದಂದಿನಿಂದ ಬಾಲಕನಿಗೆ ಅದರ ಹುಚ್ಚೇ ಹಿಡಿಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರರಲ್ಲಿಯೂ, ಮುಂದೆ ಮದ್ರಾಸಿನ ಟಿ. ವಿ. ಗೋಪಾಲಕೃಷ್ಣನ್ನರಲ್ಲಿಯೂ ಕಲಿತು, ಹಾಡುಗಾರನ ಕಂಠದ ಗಮಕಗಳನ್ನು ಆ ಪರದೇಶೀ ವಾದ್ಯದಲ್ಲಿ ನುಡಿಸಿ ತೋರಿಸಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೇರಿಕೆಯ ಜಾನ್ ಹ್ಯಾಂಡಿಯೊಡನೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮೆನೇಡ್ ಕಚೇರಿಯಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪಡೆದರು. 2019ರ ಅಕ್ಟೋಬರ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಎರಡನೆಯವರು ರುದ್ರೇಶ ಮಹಾಂತಪ್ಪನವರು. ಹೆಸರನ್ನು ಕೇಳಿದೊಡನೆ ನಮ್ಮ ಧಾರವಾಡ ಸೀಮೆಯವರು "ಇವರು ನಮ್ಮವರೇ" ಎನ್ನುವರು. ಮನೆತನವು ಕನ್ನಡ ನಾಡಿನದೇ; ಆದರೆ ಇವರು ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಅಮೇರಿಕೆಯ ಕೊಲರಾಡೋ ಪ್ರಾಂತದಲ್ಲಿ, ಕಲಿತದ್ದು ಬಾಸ್ಟನ್ನಿನ ಬರ್ಕ್ಲಿ ಸಂಗೀತ ವಿದ್ಯಾಲಯದಲ್ಲಿ ಜಾಜ್ ಸಂಗೀತ. ಇಂಥ ಹೆಸರಿನವನಿಗೆ ಹಿಂದೀ ಸಂಗೀತವು ಬಂದೇ ಬರುವದೆಂದು ಅಲ್ಲಿಯ ಜನರು ಎಣಿಸುತ್ತಿದ್ದರು. ಇವರಿಗೋ ಅದು ಬರುತ್ತಿರಲಿಲ್ಲ. ಹೀಗಿರಲು ಅಣ್ಣನು ವಿನೋದಕ್ಕಾಗಿ ಇವರಿಗೊಂದು ಮುದ್ರಿಕೆಯನ್ನು ಉಡುಗೊರೆ ಕೊಟ್ಟನು. ಹಿಂದುಸ್ಥಾನದ ಶೈಲಿಯ ಸ್ಯಾಕ್ಸೊಫೋನ್ ಎಂದು ಅದರ ಮೇಲೆ ಅಚ್ಚಾಗಿತ್ತು, ನುಡಿಸಿದವರು ಗೋಪಾಲನಾಥರು. ಚೇಷ್ಟೆಗೆಂದು ಕೊಟ್ಟದ್ದನ್ನು ಕೇಳಿ ತಮ್ಮನು ಬೆರಗಾದನು. ತಾನು ಹಗಲಿರುಳು ಅಭ್ಯಾಸ ಮಾಡುತ್ತಿದ್ದ ವಾದ್ಯವೇ, ತಾನು ಕನಸಿನಲ್ಲಿಯೂ ಕಾಣದ ರೀತಿಯಲ್ಲಿ, ತನ್ನ ಹಿರಿಯರ ನಾಡಿನವರೊಬ್ಬರ ಕೈಯಲ್ಲಿ ನುಡಿಯುತ್ತಿತ್ತು!

ವರುಷಗಳು ಕಳೆದ ಮೇಲೆ ಮಹಾಂತಪ್ಪನವರು ಮದ್ರಾಸಿಗೆ ಬಂದು ಗೋಪಾಲನಾಥರೊಡನೆ ಕುಳಿತು ಕೆಲಸ ಮಾಡಿದರು. ಅದರ ಫಲವಾಗಿ "ಕಿನ್ಸ್‌ಮೆನ್", ಅಂದರೆ "ಬಂಧುಗಳು", ಎಂಬ ಮುದ್ರಿಕೆಯು 2008ರಲ್ಲಿ ಹೊರಬಂದಿತು. ಇಬ್ಬರ ಹೊರತಾಗಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರು, ಕಾರ್ಲೊ ಡಿ ರೋಸಾ ಅವರ ಮಂದ್ರತಂತಿವಾದ್ಯ, ರಾಯಲ್ ಹಾರ್ಟಿಗನ್ನರ ಡ್ರಮ್ಮು ಇವು ಸೇರಿ ಏಳು ಮಂದಿಯ ಮೇಳ.

ಇವರಿಗೆ ಎದುರಾದ ತೊಡಕು ಯಾವದು? ನಮ್ಮ ಪ್ರಾರ್ಥನಾಗೀತದ ನೆನಪಿನಿಂದಲೇ ಅದನ್ನು ತಿಳಿಯಬಹುದು. ಗೀತವನ್ನು ನಾಲ್ಕು ಧ್ವನಿಗಳಲ್ಲಿ ಹಾಡುವಾಗ ನಾಲ್ಕು ಸ್ವರಗಳು ಒಮ್ಮೆಲೇ ನುಡಿದು ಒಂದು ಗೊಂಚಲಾಗುವವು. ಸಾಲು ಮುಂದುವರಿದಂತೆ ಗೊಂಚಲುಗಳು ಬದಲಾಗುವವು. ಜಾಜಿನವನು ಸಾಮಾನ್ಯವಾಗಿ ಈ ಬದಲಾಗುವ ಗೊಂಚಲುಗಳ ಮೇಲೆಯೇ ತನ್ನ ಕಲ್ಪನೆಯನ್ನು ಹರಿಯಬಿಡುವನು. ರಾಗಸಂಗೀತದಲ್ಲಿ ಗೊಂಚಲಿಲ್ಲ. ಷಡ್ಜವೊಂದು ಕಂಬದಂತೆ ಸ್ಥಿರವಾಗಿ ನಿಂತಿರುವದು; ಪ್ರತಿಯೊಂದು ಸ್ವರದ ಅರ್ಥವೂ ಆ ಕಂಬದಿಂದ ಅದಕ್ಕಿರುವ ದೂರದಿಂದ ಹುಟ್ಟುವದು, ಅದರ ಜೀವವೋ ಗಮಕದಲ್ಲಿರುವದು. ಕೆಳಗಿನ ಗೊಂಚಲನ್ನು ಬದಲಿಸಿದರೆ ಕಂಬವೇ ಅಲುಗಿದಂತಾಗಿ ರಾಗವು ಕೆಡುವದು. ಗೊಂಚಲನ್ನು ಪೂರಾ ಬಿಟ್ಟರೆ ಜಾಜಿನವನು ನೆಲೆಯಿಲ್ಲದವನಾಗುವನು. ಪಾಲಕರು ಅಂಜುವ ಕೇಡು ಇದೇ.

ಇದಕ್ಕೆ ಈ ಮೇಳದವರು ಕಂಡುಕೊಂಡ ದಾರಿಯು ಮುದ್ರಿಕೆಯ ರಚನೆಯಲ್ಲಿಯೇ ತೋರುವದು. ಮೇಳದಲ್ಲಿ ಪಿಯಾನೋ ಇಲ್ಲ. ಗೊಂಚಲುಗಳ ಭಾರಕ್ಕಿಂತ ರಾಗದ ಎಳೆಗೂ ತಾಳದ ಲೆಕ್ಕಕ್ಕೂ ಹೆಚ್ಚು ಸ್ಥಳ ಕೊಟ್ಟಿದ್ದಾರೆ. ಯಾಕೆಂದರೆ ಇವೆರಡರಲ್ಲಿ ಉಭಯರೂ ನಿಸ್ಸಂಕೋಚವಾಗಿ ಭೇಟಿಯಾಗಬಲ್ಲರು. ಇಷ್ಟೇ ಅಲ್ಲ, ಕೂಡಿ ನುಡಿಸುವ ಕೃತಿಗಳ ನಡುನಡುವೆ ಚಿಕ್ಕ ಚಿಕ್ಕ ಆಲಾಪಗಳನ್ನು ಇಟ್ಟಿದ್ದಾರೆ. ಅಲ್ಲಿ ಗಿಟಾರಿನವರೂ ಪಿಟೀಲಿನವರೂ ಸ್ಯಾಕ್ಸೊಫೋನಿನ ಇಬ್ಬರೂ ಪ್ರತ್ಯೇಕವಾಗಿ ತಮ್ಮ ತಮ್ಮ ನುಡಿಯಲ್ಲಿ ಮಾತನಾಡುವರು. ಮೊದಲು "ನಾನು ಇಂಥವನು" ಎಂದು ಹೇಳಿ ತರುವಾಯ ಕೂಡುವದು ಎಷ್ಟು ಪ್ರಾಮಾಣಿಕವಾದ ಪದ್ಧತಿ! ಕೃತಿಗಳಲ್ಲಿ ಒಂದರ ಹೆಸರು "ಕಲ್ಯಾಣಿ". ಇದು ನಮ್ಮ ಯಮನದ ದಕ್ಷಿಣದ ರೂಪವಾದ ರಾಗದ ಹೆಸರೆಂಬದನ್ನು ಧಾರವಾಡದವರಿಗೆ ವಿವರಿಸಬೇಕಾಗಿಲ್ಲ.

ಕೇಳುವವರು ಒಂದನ್ನು ಲಕ್ಷಿಸಬೇಕು. ಮಹಾಂತಪ್ಪನವರು ಗೋಪಾಲನಾಥರ ಅನುಕರಣ ಮಾಡುವದಿಲ್ಲ. ಅವರ ಸ್ವರವು ಚುರುಕು, ಅಂಚು ಹರಿತ, ಅಮೇರಿಕೆಯ ನಗರದ ಗಡಿಬಿಡಿ ಅದರಲ್ಲಿದೆ. ಗೋಪಾಲನಾಥರೂ ಜಾಜಿನ ವೇಷವನ್ನು ತೊಡುವದಿಲ್ಲ. ಕಚೇರಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ಕಣ್ಣು ಮುಚ್ಚಿದರೂ ಇವರಾರು ಅವರಾರು ಎಂದು ಗುರುತಿಸಬಹುದು. ಆದರೂ ಒಬ್ಬರು ನುಡಿದದ್ದನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿಯೇ ಉತ್ತರ ಕೊಡುತ್ತಾರೆ. ಅಪೊಸ್ತಲನಾದ ಪೌಲನು ಹೇಳಿದ ಅವಯವಗಳ ದೃಷ್ಟಾಂತವು ನಮಗೆ ಇಲ್ಲಿ ನೆನಪಾಗುವದು: ಕೈಯು ಕಣ್ಣಾಗಬೇಕಾಗಿಲ್ಲ, ಕಣ್ಣಿಗೆ ಕೈ ಬೇಡವಾಗಿಯೂ ಇಲ್ಲ.

ಹೀಗೆ ಪಾಲಕರ ಪ್ರಶ್ನೆಗೆ ನಮ್ಮ ಉತ್ತರವು ಸಿದ್ಧವಾಯಿತು. ಎರಡನ್ನು ಕಲಿತದ್ದರಿಂದ ಸಂಗೀತವು ಕೆಡುವದಿಲ್ಲ. ಯಾವದೊಂದನ್ನೂ ಪೂರಾ ಕಲಿಯದೆ ಎರಡನ್ನೂ ಕಲಸಿದ್ದರಿಂದ ಕೆಡುವದು. ಗೋಪಾಲನಾಥರು ಹಲವು ವರುಷ ದುಡಿದು ತಮ್ಮ ವಿದ್ಯೆಯಲ್ಲಿ ಬೇರೂರಿದ ಮೇಲೆಯೇ ಪರರೊಡನೆ ಕುಳಿತರು. ಮಹಾಂತಪ್ಪನವರೂ ಜಾಜಿನಲ್ಲಿ ಪಳಗಿದ ಮೇಲೆಯೇ ಗುರುವಿನಂಥವರ ಬಳಿಗೆ ಬಂದರು. ಆದಕಾರಣ ಮಗಳು ಮೊದಲು ಒಂದರಲ್ಲಿ ಗಟ್ಟಿಯಾಗಲಿ. ಅಷ್ಟರಲ್ಲಿ ಇನ್ನೊಂದಕ್ಕೆ ಅವಳ ಕಿವಿಯನ್ನು ಮುಚ್ಚಬೇಡಿರಿ.

ದೂರದೇಶಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ಹೆಸರು ಹಿರಿಯರಿಂದ ಬರುವದು. ವಿದ್ಯೆಯು ಹಾಗೆ ಬರುವದಿಲ್ಲ. ನಿಮ್ಮ ಮಗನಿಗೆ ಕನ್ನಡದ ಹೆಸರಿದ್ದ ಮಾತ್ರಕ್ಕೆ ಅವನಿಗೆ ನಮ್ಮ ರಾಗಗಳು ತಿಳಿದಿರಬೇಕೆಂದು ಗದರಿಸಬೇಡಿರಿ; ತಿಳಿಯದೆಂದು ನಾಚಿಸಲೂ ಬೇಡಿರಿ. ಒಂದು ಮುದ್ರಿಕೆಯನ್ನು ಅವನ ಕೈಗೆ ಕೊಡಿರಿ. ವಿನೋದಕ್ಕೆ ಕೊಟ್ಟದ್ದರಿಂದಲೇ ಇಷ್ಟಾದ ಮೇಲೆ, ಪ್ರೀತಿಯಿಂದ ಕೊಟ್ಟದ್ದು ಎಲ್ಲಿಗೆ ಮುಟ್ಟೀತೆಂದು ಯಾರು ಬಲ್ಲರು?