ಹ್ಯಾಲೋವೀನ್ ಕುಂಬಳಕ್ಕೆ ಬೈಯುವ ಮೊದಲು ಭೂಮಣ್ಣಿ ಬುಟ್ಟಿ ನೋಡಿ

ಅಕ್ಟೋಬರ್ ಕೊನೆ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಬಣ. ಒಂದು ಬಣ ಮಕ್ಕಳನ್ನು ಕೂರಿಸಿಕೊಂಡು ಕುಂಬಳಕಾಯಿಗೆ ಕಣ್ಣು, ಹಲ್ಲು ಕೊರೆಯುತ್ತೆ. ಇನ್ನೊಂದು ಬಣ ‘ಇದು ನಮ್ಮ ಸಂಸ್ಕೃತಿ ಅಲ್ಲ’ ಅಂತ ಮೆಸೇಜು ಹಾಕುತ್ತೆ. ಕುಪ್ಪಳ್ಳಿ ಕಡೆಯವನಾದ ನನಗೆ ಈ ಜಗಳದಲ್ಲಿ ಮುಖ್ಯ ಪ್ರಶ್ನೆಯೇ ಬಿಟ್ಟುಹೋಗಿದೆ ಅನ್ನಿಸುತ್ತೆ.

ಮೊದಲು ಕುಂಬಳದ ಜಾತಕ ನೋಡೋಣ. ಐರ್ಲೆಂಡಿನ ಜನ ಮುಖ ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆಗೆ. 19ನೇ ಶತಮಾನದಲ್ಲಿ ಅವರು ಗುಂಪುಗುಂಪಾಗಿ ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿ ಕೊರೆಯಲು ಇನ್ನೂ ಸಲೀಸಾದ ದೊಡ್ಡ ಕುಂಬಳ ಸಿಕ್ಕಿತು. ಮಲೆನಾಡಿನಲ್ಲಿ ನಾವು ಚೀನಿಕಾಯಿ ಅನ್ನೋ ಸಿಹಿಗುಂಬಳದ ತವರೂ ಚೀನಾ ಅಲ್ಲ, ಅದೇ ಅಮೆರಿಕ ಖಂಡ. ಕೊಲಂಬಸ್ ನಂತರ ಇಲ್ಲಿಗೆ ಬಂದು ನಮ್ಮ ಕಡುಬಿನೊಳಗೆ ಸೇರಿಕೊಂಡಿತು. ಏಷ್ಯಾದ್ದು ಬೂದುಗುಂಬಳ. ಅದಕ್ಕೂ ನಾವು ಮುಖ ಬರೀತೀವಿ. ಕಟ್ಟುತ್ತಿರುವ ಮನೆ ಮುಂದೆ ಕೋರೆಹಲ್ಲು ಬರೆದು ತೂಗುಹಾಕುವ ದೃಷ್ಟಿ ಕುಂಬಳ ಮತ್ತೇನು?

ಇನ್ನು ಮನೆಮಂದಿ ಕೂತು ಸಿಂಗರಿಸುವ ವಿಚಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹೆಚ್ಚುಕಮ್ಮಿ ಇದೇ ಹೊತ್ತಿಗೆ ಶೀಗೆ ಹುಣ್ಣಿಮೆ, ಅಂದರೆ ಭೂಮಿ ಹುಣ್ಣಿಮೆ ಬರುತ್ತೆ. 2020ರಲ್ಲಂತೂ ಹುಣ್ಣಿಮೆ ಅಕ್ಟೋಬರ್ 31ಕ್ಕೇ ಬಿದ್ದಿತ್ತು. ಗದ್ದೆಯಲ್ಲಿ ತೆನೆ ಹೊತ್ತ ಪೈರು ಬಸುರಿ, ಅವಳಿಗೆ ಬಯಕೆ ಊಟ ಕೊಡಬೇಕು ಅನ್ನೋದು ಹಬ್ಬದ ಹಿಂದಿನ ಭಾವ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚುತ್ತಾರೆ. ಅದರ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಭತ್ತದ ಸಸಿ, ಹಕ್ಕಿ, ಏಣಿಯ ಚಿತ್ತಾರ. ದೀವರ ಹೆಣ್ಣುಮಕ್ಕಳು ಈ ಕಲೆಗೆ ಹೆಸರಾದವರು. ಹಬ್ಬದ ಹಿಂದಿನ ರಾತ್ರಿ ನಿದ್ದೆಗೆಟ್ಟು ಕಡುಬು, ಬೆರಕೆ ಸೊಪ್ಪಿನ ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಹಚ್ಚಂಬಲಿ ಬೀರುತ್ತಾರೆ.

ಈ ಬುಟ್ಟಿಗೆ ಕುತ್ತು ಬಂದಿರುವುದು ಹ್ಯಾಲೋವೀನ್‌ನಿಂದ ಅಲ್ಲ. ಗದ್ದೆಗಳು ಅಡಿಕೆ ತೋಟ ಆಗುತ್ತಿವೆ. ಭತ್ತ ಬೆಳೆದರೆ ಕೂಲಿಯೂ ಹುಟ್ಟಲ್ಲ ಅನ್ನೋ ರೈತನ ಲೆಕ್ಕ ತಪ್ಪಲ್ಲ. ಆದರೆ ಬಸುರಿ ಪೈರೇ ಇಲ್ಲದ ಮೇಲೆ ಬಯಕೆ ಊಟ ಯಾರಿಗೆ? ತೋಟಕ್ಕೇ ಪೂಜೆ ಮಾಡಿ ಹಬ್ಬ ಉಳಿಸಿಕೊಂಡವರಿದ್ದಾರೆ, ಒಳ್ಳೆಯದೇ. ಆದರೂ ಬುಟ್ಟಿ ಬರೆಯೋದು ಓದಿ ಕಲಿಯುವ ವಿದ್ಯೆ ಅಲ್ಲ. ಅಜ್ಜಿ, ಅಮ್ಮನ ಪಕ್ಕ ಕೂತು ಕಲಿಯಬೇಕು. ಹಾಗೆ ಕೂರಬೇಕಾದವರು ನನ್ನ ಹಾಗೆ ಬೆಂಗಳೂರು ಸೇರಿದ್ದಾರೆ.

ಹಾಗಾಗಿ ಕುಂಬಳ ಕೊರೆಯುವವರಿಗೆ ಹೇಳೋದಿಷ್ಟೇ: ಕೊರೆಯಿರಿ, ತಿರುಳು ಎಸೆಯಬೇಡಿ, ಅಡುಗೆಗೆ ಬಳಸಿ. ಬೈಯುವವರಿಗೆ ಇನ್ನೊಂದು ಮಾತು: ಬರುವ ಶೀಗೆ ಹುಣ್ಣಿಮೆಗೆ ಎರಡು ದಿನ ರಜೆ ಹಾಕಿ, ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗಿ ಅವರ ಕೈಗೆ ಪುಂಡಿ ನಾರಿನ ಕುಂಚ ಕೊಡಿಸಿ.