ಎಲೆಯಲ್ಲೇ ಆಯುಷ್ಯ ಕಳೆಯುವ ಹೂಗಿಡ

ಅಮೆರಿಕದ ಕೊಲೊರಾಡೊದಲ್ಲಿ, ರಾಕಿ ಪರ್ವತಗಳ ಹುಲ್ಲುಗಾವಲಿನಲ್ಲಿ ಹಿಮ ಕರಗಿದೊಡನೆ ನೆಲಕ್ಕಂಟಿಕೊಂಡೇ ಅಗಲ ಎಲೆಗಳ ಗುಚ್ಛವೊಂದು ಚಿಗುರುತ್ತದೆ. ಚಳಿ ಬಂದಾಗ ಸಾಯುತ್ತದೆ, ಮರುವರ್ಷ ಮತ್ತೆ ಚಿಗುರುತ್ತದೆ. ಇಪ್ಪತ್ತು ವರ್ಷ, ನಲವತ್ತು ವರ್ಷ, ಕೆಲವೊಮ್ಮೆ ಎಂಬತ್ತು ವರ್ಷ ಇದೇ ಅದರ ಬದುಕು. ಹೂ ಬಿಡುವುದು ಒಂದೇ ಸಲ. ಬೀಜ ಕಟ್ಟಿದ ಮೇಲೆ ಗಿಡ ಬೇರುಸಮೇತ ಸಾಯುತ್ತದೆ.

ಇದು ಫ್ರಾಸೆರಾ ಸ್ಪೆಸಿಯೋಸಾ. ಅಲ್ಲಿನವರಿಗೆ ಮಾನ್ಯುಮೆಂಟ್ ಪ್ಲಾಂಟ್. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಜ್ವರದ ಕಷಾಯಕ್ಕೆಂದು ಕೊಡುವ ಕಿರಾತಕಡ್ಡಿಯ ಜೆನ್ಷಿಯನ್ ಕುಟುಂಬಕ್ಕೇ ಸೇರಿದ್ದು.

ಹೂ ಬಿಡುವ ವರ್ಷ ಗಿಡದ ನಡುವಿನಿಂದ ಆಳೆತ್ತರದ ಒಂದೇ ದಂಟು ಏಳುತ್ತದೆ. ಬುಡದಿಂದ ತುದಿಯವರೆಗೂ ಸುತ್ತುಸುತ್ತಾಗಿ ನೂರಾರು ಹೂಗಳು. ದೂರದಿಂದ ಬರೀ ಹಸಿರು, ಗಮನಿಸದೆ ದಾಟಿಹೋಗಬಹುದು. ಬಗ್ಗಿ ನೋಡಿದರೆ ತಿಳಿಯುತ್ತದೆ: ತಿಳಿಹಸಿರಿನ ನಾಲ್ಕು ದಳ, ಮೇಲೆಲ್ಲ ನೇರಳೆ ಚುಕ್ಕಿ, ಪ್ರತಿ ದಳದಲ್ಲೂ ಎರಡು ಮಕರಂದದ ಗುಳಿ, ಗುಳಿಯ ಅಂಚಿಗೆ ನವಿರಾದ ಕುಚ್ಚು. ನನ್ನ ಮಟ್ಟಿಗೆ ಆ ಬೆಟ್ಟಗಳಲ್ಲಿ ಇದಕ್ಕಿಂತ ಚೆಂದದ ಹೂವಿಲ್ಲ.

ಹಿಂದೆ ಇದನ್ನು ಎರಡೇ ವರ್ಷ ಬಾಳುವ ಗಿಡವೆಂದು ತಿಳಿದಿದ್ದರು. ಅದು ತಪ್ಪೆಂದು ಗೊತ್ತಾದದ್ದು ಒಂದೇ ಜಾಗಕ್ಕೆ ವರ್ಷವರ್ಷವೂ ಹೋಗಿ ಎಣಿಸಿದವರಿಂದ. ಹಳೆಯ ಬೆಳ್ಳಿ ಗಣಿಯ ಊರಾದ ಗಾಥಿಕ್‌ನಲ್ಲಿ 1928ರಿಂದ ರಾಕಿ ಮೌಂಟನ್ ಜೈವಿಕ ಪ್ರಯೋಗಾಲಯವಿದೆ. ಅಲ್ಲಿ ಡೇವಿಡ್ ಇನೊಯೆ 1970ರ ದಶಕದಿಂದ ಹೂಗಳ ಲೆಕ್ಕವಿಟ್ಟವರು. ಆರ್ಲಿ ಟೇಲರ್ ಜೊತೆ 1985ರಲ್ಲಿ ಅವರು ಪ್ರಕಟಿಸಿದ ಸಂಶೋಧನೆ ಒಂದು ಸೋಜಿಗವನ್ನು ಬಿಡಿಸಿತು. ಕೆಲವು ವರ್ಷ ಬೆಟ್ಟದ ತುಂಬ ಈ ದಂಟುಗಳು ಒಟ್ಟಿಗೇ ಏಳುತ್ತವೆ, ಕೆಲವು ವರ್ಷ ಒಂದೂ ಇರುವುದಿಲ್ಲವೆನ್ನುವಷ್ಟು ಅಪರೂಪ. ಮೊಗ್ಗಿನ ತಯಾರಿ ಮಣ್ಣಿನೊಳಗೆ ವರ್ಷಗಳ ಮೊದಲೇ ಶುರುವಾಗಿರುತ್ತದೆ. ನಾಲ್ಕು ಬೇಸಿಗೆ ಹಿಂದೆ ಬಿದ್ದ ಒಳ್ಳೆಯ ಮಳೆಯ ಫಲ ಇಂದಿನ ಹೂವು.

ಸತ್ತ ಮೇಲೂ ಗಿಡದ ಕೆಲಸ ಮುಗಿಯುವುದಿಲ್ಲ. ಒಣಗಿ ಬಿದ್ದ ತಾಯಿಗಿಡದ ಎಲೆಗಳ ಅಡಿಯಲ್ಲಿ ತೇವ ಉಳಿಯುತ್ತದೆ, ಅಲ್ಲಿ ಮೊಳೆತ ಸಸಿಗಳು ಹೆಚ್ಚು ಬದುಕುತ್ತವೆ. 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದನ್ನು ತೋರಿಸಿತು.

ಚಂದ್ರದ್ರೋಣ ಬೆಟ್ಟಗಳಲ್ಲಿ 2022ರಲ್ಲಿ ನೀಲಕುರಿಂಜಿ ನೋಡಲು ಮುಗಿಬಿದ್ದ ನಮಗೆ ಒಮ್ಮೆ ಅರಳಿ ಸಾಯುವ ಗಿಡ ಹೊಸದಲ್ಲ. ಆದರೆ ಕುರಿಂಜಿಗೆ ಹನ್ನೆರಡು ವರ್ಷದ ಲೆಕ್ಕವಿದೆ, ಇದಕ್ಕೆ ಅಂಥ ಗಡುವಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ಬೇಸಿಗೆ ರಜೆಯಲ್ಲಿ ರಾಕಿ ಪರ್ವತಕ್ಕೆ ಹೋದರೆ ಕಾಲುದಾರಿ ಬಿಟ್ಟು ಇಳಿಯಬೇಡಿ. ನೀವು ಹೆಜ್ಜೆಯಿಡುವ ಎಲೆಗುಚ್ಛಕ್ಕೆ ನಿಮಗಿಂತ ಹೆಚ್ಚು ವಯಸ್ಸಾಗಿರಬಹುದು, ಮತ್ತು ಅದು ಇನ್ನೂ ಹೂ ಬಿಟ್ಟಿಲ್ಲ.