ದೇಶಕ್ಕೇ ನಂಬರ್ ಒನ್, ಯಾವ ತಕ್ಕಡಿಯಲ್ಲಿ?

ಬೀಜದ ಪಾಕೀಟಿನ ಮೇಲೆ ಅಚ್ಚಾದ ಇಳುವರಿಗೂ ತೂಕಕ್ಕೆ ಬಿದ್ದ ಕ್ವಿಂಟಲ್‌ಗೂ ಎಷ್ಟು ಅಂತರವೆಂದು ದೇವದುರ್ಗದ ಹತ್ತಿ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೂಪರ್ ಕಂಪ್ಯೂಟರ್‌ಗಳ ರ‍್ಯಾಂಕಿಂಗ್ ತಕರಾರಿನ ಬೇರೂ ಅಲ್ಲೇ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಸಹಸ್ರಟಿ’ 2015ರಲ್ಲಿ ದೇಶದ ಮೊದಲ ಪೆಟಾಫ್ಲಾಪ್ ಯಂತ್ರವೆಂದು ಹೆಸರಾಯಿತು. ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷಕೋಟಿ ಲೆಕ್ಕ. ಕಾಗದದ ಮೇಲೆ ಅದರ ಗರಿಷ್ಠ ಸಾಮರ್ಥ್ಯ 1.4 ಪೆಟಾಫ್ಲಾಪ್. ಜಾಗತಿಕ ಟಾಪ್500 ಪಟ್ಟಿಯಲ್ಲಿ ದಾಖಲಾದದ್ದು ಸುಮಾರು 0.9. ಎರಡೂ ಸುಳ್ಳಲ್ಲ: ಮೊದಲನೆಯದು ಚಿಪ್‌ಗಳ ಒಟ್ಟು ತಾಕತ್ತು, ಎರಡನೆಯದು ಓಡಿಸಿ ಅಳೆದದ್ದು.

ಟಾಪ್500 ಪಟ್ಟಿ 1993ರಿಂದ ಪ್ರತಿ ಜೂನ್, ನವೆಂಬರ್‌ನಲ್ಲಿ ಬರುತ್ತದೆ. ಲಿನ್‌ಪ್ಯಾಕ್ ಎಂಬ ಪರೀಕ್ಷೆಯಲ್ಲಿ ಭಾರೀ ಸಮೀಕರಣಗಳನ್ನು ಬಿಡಿಸಿದ ವೇಗವೇ ಅಲ್ಲಿ ಅಂಕ. ಫಲಿತಾಂಶ ಕಳಿಸದ ಯಂತ್ರಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಹೀಗಾಗಿ ಅದೂ ಪೂರ್ತಿ ತಟಸ್ಥ ತಕ್ಕಡಿಯಲ್ಲ.

‘ದೇಶದ ಮೊದಲ ಸೂಪರ್ ಕಂಪ್ಯೂಟರ್’ ಎಂಬ ಪಟ್ಟಕ್ಕೂ ಪೈಪೋಟಿ ಉಂಟು. 1980ರ ದಶಕದಲ್ಲಿ ಇದೇ ವಿಜ್ಞಾನ ಸಂಸ್ಥೆಗೆ ಬೇಕಿದ್ದ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರನ್ನು ಅಮೆರಿಕ ಕೊಡಲಿಲ್ಲ. ಅದಕ್ಕೆ ಉತ್ತರವಾಗಿ ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ‘ಪರಮ್ 8000’ ಕಟ್ಟಿತು; ವೇಗದಲ್ಲಿ ಅದು ಜಗತ್ತಿಗೇ ಎರಡನೆಯದು ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಆಗಿನ್ನೂ ಟಾಪ್500 ಪಟ್ಟಿಯೇ ಹುಟ್ಟಿರಲಿಲ್ಲ. ಇತ್ತ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲೇ ಸಮಾಂತರ ಕಂಪ್ಯೂಟರ್ ‘ಫ್ಲೋಸಾಲ್ವರ್’ ಕೆಲಸ ಮಾಡುತ್ತಿತ್ತು.

2022ರಲ್ಲಿ ವಿಜ್ಞಾನ ಸಂಸ್ಥೆಗೆ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’ ಬಂತು. ‘ದೇಶದ ವಿದ್ಯಾಸಂಸ್ಥೆಗಳಲ್ಲಿ ಅತ್ಯಂತ ಶಕ್ತಿಶಾಲಿ’ ಎಂಬುದು ಅದರ ಬಿರುದು. ‘ವಿದ್ಯಾಸಂಸ್ಥೆಗಳಲ್ಲಿ’ ಎಂಬ ಪದ ಬಿಟ್ಟರೆ ಮಾತೇ ತಪ್ಪು: ಪುಣೆಯ ‘ಪರಮ್ ಸಿದ್ಧಿ-ಎಐ’ 2020ರಲ್ಲೇ 4.6 ಪೆಟಾಫ್ಲಾಪ್‌ ದಾಖಲಿಸಿ ಜಗತ್ತಿನಲ್ಲಿ 63ನೇ ಸ್ಥಾನ ಪಡೆದಿತ್ತು.

ರಾಯಚೂರು, ಮಾನ್ವಿ, ದೇವದುರ್ಗದ ರೈತರಿಗೆ ಈ ಪಟ್ಟಗಳಿಂದ ಆಗಬೇಕಾದದ್ದು ಮಳೆಯ ಸರಿಯಾದ ಮುನ್ಸೂಚನೆ. ಪುಣೆಯಲ್ಲಿ 2024ರಲ್ಲಿ ಚಾಲನೆ ಪಡೆದ ‘ಅರ್ಕ’ ಸೂಪರ್ ಕಂಪ್ಯೂಟರಿನ ಬಲದಿಂದ ಹವಾಮಾನ ಲೆಕ್ಕಕ್ಕೆ ನೆಲವನ್ನು ಭಾಗಿಸುವ ಚೌಕದ ಬದಿ 12 ಕಿಲೋಮೀಟರಿನಿಂದ 6ಕ್ಕೆ ಇಳಿದಿದೆ. ಪಂಚಾಯಿತಿ ಮಟ್ಟಕ್ಕೆ ಮುನ್ಸೂಚನೆ ಮುಟ್ಟಿಸುವುದು ಗುರಿ. ಬಿತ್ತನೆಗೆ ಕಾದವರು ಆ ಅಳತೆಯಲ್ಲೇ ಯಂತ್ರವನ್ನು ತೂಗಬೇಕು.

ಇನ್ನೊಮ್ಮೆ ‘ನಂಬರ್ ಒನ್’ ಎಂದು ಓದಿದಾಗ ಮೂರು ಪ್ರಶ್ನೆ ಕೇಳಿ: ಅಳೆದವರು ಯಾರು? ಯಾವ ಪರೀಕ್ಷೆಯಲ್ಲಿ? ಯಾವ ವರ್ಷ? ಉತ್ತರವಿಲ್ಲದಿದ್ದರೆ ಅದನ್ನು ಜಾಹೀರಾತೆಂದೇ ತಿಳಿಯಿರಿ.